ನಮ್ಮನೆಯವರು ಸಾಕಿದ ಹಾವು, ಆರು ವಾರ ನನ್ನ ಪಾಲಿಗೆ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ಮದುವೆಯಾಗಿ ಎರಡು ವರ್ಷ. ನಮ್ಮನೆಯವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗಿನಿಂದ ಒಂದು ಬಾಲ್ ಪೈಥಾನ್ ಸಾಕಿಕೊಂಡಿದ್ದಾರೆ. ಹೆಸರು ಗುಂಡ. ಐದು ವರ್ಷ ವಯಸ್ಸು, ಸುಮಾರು ನಾಲ್ಕು ಅಡಿ ಉದ್ದ. ಅದರ ಗಾಜಿನ ಗೂಡು ಮಹಡಿ ಮೇಲಿನ ಕೋಣೆಯಲ್ಲಿದೆ. ಈ ಎರಡು ವರ್ಷದಲ್ಲಿ ನಾನು ಆ ಕೋಣೆಯ ಹೊಸ್ತಿಲು ದಾಟಿಲ್ಲ. ಜುಲೈನಲ್ಲಿ ಅವರು ಆರು ವಾರ ಟ್ರೈನಿಂಗಿಗೆ ಪುಣೆಗೆ ಹೋಗಬೇಕು. "ಅದೇನೂ ಮಾಡಲ್ಲ, ನೀನೇ ನೋಡ್ಕೋ" ಅನ್ನುತ್ತಾರೆ. ಅವರಿಗೆ ಗುಂಡನ ಮೇಲೆ ಎಷ್ಟು ಜೀವ ಅಂತ ನನಗೆ ಗೊತ್ತು. ಆದರೆ ಟಿವಿಯಲ್ಲಿ ಹಾವು ಕಂಡರೂ ನನ್ನ ಅಂಗೈ ಬೆವರುತ್ತದೆ. ಸಾಲದ್ದಕ್ಕೆ, ಮನೆಯಲ್ಲಿ ಹಾವು ಇಟ್ಟುಕೊಂಡರೆ ದೋಷ ಅಂತ ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೆ. ಇನ್ನೊಂದು ತಿಂಗಳು ಸಮಯ ಇದೆ. ನಾನು ಏನು ಮಾಡಲಿ?

ಪಶುವೈದ್ಯರ ಉತ್ತರ:

ಮೊದಲು ಒಂದು ಸಮಾಧಾನದ ಮಾತು ಹೇಳಿಬಿಡುತ್ತೇನೆ. ಈ ಆರು ವಾರದಲ್ಲಿ ನೀವು ಗುಂಡನನ್ನು ಒಂದು ಸಲವೂ ಕೈಯಲ್ಲಿ ಹಿಡಿಯಬೇಕಾಗಿಲ್ಲ. ಬೇಕಿದ್ದರೆ ಒಂದು ಸಲವೂ ಊಟ ಹಾಕಬೇಕಾಗಿಲ್ಲ. ನಿಮ್ಮ ಪಾಲಿಗೆ ಬರುವ ಕೆಲಸ ನೀರು ಬದಲಿಸುವುದು, ಶಾಖ ನೋಡುವುದು, ಕೊಳೆ ತೆಗೆಯುವುದು, ಚಿಲಕ ಹಾಕುವುದು. ಇಷ್ಟೇ. ಇದನ್ನು ಕಲಿಯಲು ಒಂದು ತಿಂಗಳು ಧಾರಾಳ ಸಾಕು.

ನಾನು ಹುಟ್ಟಿ ಬೆಳೆದದ್ದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನನಗೆ ಒಂಬತ್ತು ವರ್ಷ ಇರಬೇಕು, ಅಜ್ಜಿ ಕೊಟ್ಟಿಗೆಗೆ ಹಾಸಲು ಸೊಪ್ಪಿನ ಹೊರೆ ತಂದು ಇಳಿಸಿದರು. ಹೊರೆ ಬಿಚ್ಚಿದರೆ ಒಳಗೆ ಕೊಳಕುಮಂಡಲ. ಕುಕ್ಕರ್ ಸೀಟಿ ಹಾಕಿದ ಹಾಗೆ ಅದು ಬುಸುಗುಟ್ಟಿದ ಸದ್ದು ನನಗೆ ಈಗಲೂ ನೆನಪಿದೆ. ನಮ್ಮ ಕಡೆ ರಾತ್ರಿ ಹೊತ್ತು ಹಾವು ಅನ್ನುವ ಮಾತನ್ನೇ ಆಡುತ್ತಿರಲಿಲ್ಲ, 'ಹುಳ' ಅನ್ನುತ್ತಿದ್ದರು. ಹಾವು ಕಚ್ಚಿತು ಅನ್ನುವ ಬದಲು 'ಹುಳ ಮುಟ್ಟಿತು'. ಹೆಸರು ಹೇಳಲಿಕ್ಕೂ ಹೆದರುವ ಊರಲ್ಲಿ ಬೆಳೆದವರಿಗೆ ಹಾವಿನ ಭಯ ಇರುವುದು ಸಹಜ. ಅದು ನಿಮ್ಮ ದೌರ್ಬಲ್ಯ ಅಲ್ಲ. ತೋಟ, ಗದ್ದೆ, ಸೌದೆ ಕೊಟ್ಟಿಗೆಗಳ ನಡುವೆ ಬದುಕುವ ಜನರನ್ನು ಈ ಭಯ ಎಷ್ಟೋ ಸಲ ಉಳಿಸಿದೆ. ಆದ್ದರಿಂದ ಆ ಭಯವನ್ನು ಬೇರುಸಹಿತ ಕಿತ್ತುಹಾಕಿ ಅಂತ ನಾನು ಹೇಳುವುದಿಲ್ಲ. ಮಹಡಿ ಮೇಲಿನ ಆ ಒಂದು ಗೂಡಿನ ಮಟ್ಟಿಗೆ ಅದನ್ನು ಇಳಿಸಿಕೊಳ್ಳೋಣ. ಅಂಗಳದ ಹಾವಿನ ವಿಷಯಕ್ಕೆ ಅದು ಹಾಗೇ ಇರಲಿ. ಈ ವ್ಯತ್ಯಾಸ ಬಹಳ ಮುಖ್ಯ, ಕೊನೆಯಲ್ಲಿ ಮತ್ತೆ ಬರುತ್ತೇನೆ.

ಗುಂಡ ಎಂಥ ಪ್ರಾಣಿ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು. ಬೆಳೆದರೆ ಮೂರರಿಂದ ಐದು ಅಡಿ. ವಿಷ ಇಲ್ಲ. ಹೆದರಿದಾಗ ಅಟ್ಟಿಸಿಕೊಂಡು ಬರುವುದಿಲ್ಲ, ತಲೆಯನ್ನು ಮೈಯ ನಡುವೆ ಬಚ್ಚಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. 'ಬಾಲ್' ಅನ್ನುವ ಹೆಸರು ಬಂದದ್ದೇ ಹಾಗೆ, ನಿಮ್ಮನೆಯವರು 'ಗುಂಡ' ಅಂತ ಇಟ್ಟದ್ದೂ ಅದಕ್ಕೇ ಇರಬೇಕು. ಹಗಲೆಲ್ಲ, ಗೂಡಿನೊಳಗೆ ಅಡಗಿಕೊಳ್ಳಲೆಂದು ಇಟ್ಟ ಪುಟ್ಟ ಗುಹೆಯಲ್ಲಿ ಬಿದ್ದುಕೊಂಡಿರುತ್ತದೆ, ಓಡಾಟ ಏನಿದ್ದರೂ ರಾತ್ರಿ. ಹಾಗಾಗಿ ನಿಮ್ಮ ಕೆಲಸಗಳನ್ನೆಲ್ಲ ಬೆಳಿಗ್ಗೆ ಇಟ್ಟುಕೊಳ್ಳಿ. ಸ್ಕೂಲಿಗೆ ಹೊರಡುವ ಮುಂಚೆ ಹತ್ತು ನಿಮಿಷ ಸಾಕು.

ಚೆನ್ನಾಗಿ ನೋಡಿಕೊಂಡರೆ ಈ ಹಾವು 20ರಿಂದ 30 ವರ್ಷ ಬದುಕುತ್ತದೆ. ಐದು ವರ್ಷದ ಗುಂಡನ ಜೊತೆ ನೀವು ಇನ್ನೂ ಬಹಳ ಕಾಲ ಒಂದೇ ಸೂರಿನಡಿ ಇರಬೇಕು. ಆರು ವಾರದ ಸಮಸ್ಯೆ ಅಂತ ಮಾತ್ರ ನೋಡದೆ ಈಗಲೇ ನಿಧಾನಕ್ಕೆ ಕಲಿಯಿರಿ ಅನ್ನುವುದು ಈ ಕಾರಣಕ್ಕೆ.

ಭಯದ ವಿಷಯಕ್ಕೆ ಬರೋಣ. 1969ರಲ್ಲಿ ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು, ಹಾವಿಗೆ ವಿಪರೀತ ಹೆದರುವ ಜನರನ್ನೇ ಕರೆದು ಒಂದು ಅಧ್ಯಯನ ಮಾಡಿದರು. ಕೆಲವರಿಗೆ ಬೇರೆಯವರು ಹಾವು ಹಿಡಿಯುವ ಫಿಲ್ಮ್ ತೋರಿಸಿದರು. ಕೆಲವರಿಗೆ ಮೈ ಸಡಿಲ ಬಿಟ್ಟು ಹಾವನ್ನು ಕಲ್ಪಿಸಿಕೊಳ್ಳಲು ಹೇಳಿದರು. ಇನ್ನು ಕೆಲವರ ಎದುರಿಗೆ ಒಬ್ಬರು ಹಾವನ್ನು ಮುಟ್ಟಿ ತೋರಿಸಿ, ನಂತರ ಅವರಿಂದಲೇ ಹಂತ ಹಂತವಾಗಿ ಅದೇ ಕೆಲಸ ಮಾಡಿಸಿದರು. ಎಲ್ಲಕ್ಕಿಂತ ಚೆನ್ನಾಗಿ ಭಯ ಇಳಿದದ್ದು ಈ ಮೂರನೇ ಗುಂಪಿನವರಿಗೆ. ಪಕ್ಕದಲ್ಲಿ ಗೊತ್ತಿದ್ದವರೊಬ್ಬರು ಇರಬೇಕು, ಅವರು ಮೊದಲು ಮಾಡಬೇಕು, ಆಮೇಲೆ ನೀವು ಅದರಲ್ಲಿ ಒಂದು ಚೂರು ಮಾಡಬೇಕು. ನಿಮ್ಮ ಮನೆಯಲ್ಲಿ ಆ ಗೊತ್ತಿದ್ದವರು ಇನ್ನೂ ಒಂದು ತಿಂಗಳು ಇರುತ್ತಾರೆ, ಅಲ್ವಾ? ಈ ತಿಂಗಳನ್ನು ಸುಮ್ನೆ ಕಳೆಯಬೇಡಿ.

ಹೀಗೆ ಶುರು ಮಾಡಿ. ಮೊದಲ ಎರಡು ಮೂರು ದಿನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಿ. ಗೂಡು ಮುಚ್ಚಿರಲಿ, ಅವರು ಒಳಗೆ ತಮ್ಮ ಕೆಲಸ ಮಾಡುತ್ತಿರಲಿ. ಭಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ, ಟೀಚರ್‌ಗೆ ಹೇಳಿಕೊಡಬೇಕಾಗಿಲ್ಲ. ಕುಳಿತಾಗ ಎಂಟು ಇದ್ದರೆ, ಅದು ನಾಲ್ಕಕ್ಕೆ ಇಳಿಯುವವರೆಗೆ ಅಲ್ಲೇ ಇರಿ. ಹದಿನೈದು ನಿಮಿಷ ಆಗಬಹುದು, ನಲವತ್ತೂ ಆಗಬಹುದು. ಮೊಬೈಲ್ ನೋಡುತ್ತಾ ಕಾಲ ಕಳೆಯಬೇಡಿ, ಗೂಡಿನ ಕಡೆಗೇ ನೋಡಿ. ಎದೆ ಡವಗುಟ್ಟುತ್ತಿರುವಾಗ ಎದ್ದು ಓಡಿಹೋದರೆ 'ಓಡಿದ್ದಕ್ಕೆ ಉಳಿದೆ' ಅಂತ ಮನಸ್ಸು ಪಾಠ ಕಲಿಯುತ್ತದೆ, ಮರುದಿನ ಭಯ ಇನ್ನೂ ಜಾಸ್ತಿಯಾಗುತ್ತದೆ. ಇಳಿದ ಮೇಲೆ ಎದ್ದರೆ ಪಾಠವೇ ಬೇರೆ. ಉಸಿರು ಒಳಗೆ ಎಳೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದನ್ನು ಉದ್ದ ಮಾಡಿ, ಮೈ ತಾನಾಗಿ ಸಡಿಲವಾಗುತ್ತದೆ.

ಆಮೇಲೆ ಕುರ್ಚಿ ಗೂಡಿನ ಪಕ್ಕಕ್ಕೆ ಬರಲಿ. ಆಮೇಲೆ ಗಾಜಿನ ಮೇಲೆ ಹೊರಗಿನಿಂದ ಕೈ ಇಡಿ. ಮುಂದಿನ ಹಂತಕ್ಕೆ ಗುಂಡ ಬಿಟ್ಟ ಹಳೇ ಪೊರೆ ತೆಗೆದುಕೊಳ್ಳಿ. ಸಾಕುವವರ ಮನೆಯಲ್ಲಿ ಅದು ಒಂದಾದರೂ ಎತ್ತಿಟ್ಟಿರುತ್ತಾರೆ. ಕೈಯಲ್ಲಿ ಹಿಡಿದು ನೋಡಿ. ಈರುಳ್ಳಿಯ ಒಣ ಸಿಪ್ಪೆಯ ಹಾಗೆ ಗರಗರ ಅನ್ನುತ್ತದೆ. ಬೆಳಕಿಗೆ ಹಿಡಿದರೆ ಒಂದೊಂದು ಹುರುಪೆಯೂ ಕಾಣುತ್ತದೆ, ಕಣ್ಣಿನ ಜಾಗದಲ್ಲಿ ಎರಡು ಪುಟ್ಟ ಗಾಜಿನ ಬಿಲ್ಲೆಗಳಂಥ ಪೊರೆ. ಹಾವಿಗೆ ರೆಪ್ಪೆ ಇಲ್ಲ, ಆ ಬಿಲ್ಲೆಯೇ ಅದರ ಕಣ್ಣು ಕಾಯುವುದು. ಪೊರೆ ಹಿಡಿದು ಹತ್ತು ನಿಮಿಷ ಕೂರಲು ಆದರೆ ನೀವು ದೊಡ್ಡ ಹಳ್ಳ ದಾಟಿದ ಹಾಗೆ. ಕೊನೆಗೆ ಸೋಪಿನಲ್ಲಿ ಕೈ ತೊಳೆಯಿರಿ.

ಎರಡನೇ ವಾರದಿಂದ ಗೂಡು ತೆರೆದು ಕೆಲಸ. ಅವರು ನೀರಿನ ಬಟ್ಟಲು ತೆಗೆಯುವುದನ್ನು ಎರಡು ದಿನ ನೋಡಿ. ಮೂರನೇ ದಿನ ಅವರು ಪಕ್ಕದಲ್ಲಿ ನಿಂತಿರಲಿ, ಬಟ್ಟಲು ನೀವು ತೆಗೆಯಿರಿ. ಮೂರನೇ ವಾರ ಅವರು ಬಾಗಿಲಾಚೆ. ನಾಲ್ಕನೇ ವಾರ ಅವರು ಮನೆಯಲ್ಲೇ ಇಲ್ಲದ ಹೊತ್ತಿನಲ್ಲಿ ನೀವೊಬ್ಬರೇ. ಒಂದು ಹಂತದಲ್ಲಿ ಸಿಕ್ಕಿಹಾಕಿಕೊಂಡರೆ ಹಿಂದಿನದಕ್ಕೆ ಹೋಗಿ ಎರಡು ದಿನ ಇದ್ದು ಬನ್ನಿ. ಅದರಲ್ಲಿ ಸೋಲು ಅನ್ನುವ ಮಾತಿಲ್ಲ.

ಮುಟ್ಟಬೇಕು ಅಂತ ನಿಮಗೇ ಅನಿಸಿದರೆ ಮಾತ್ರ ಮುಟ್ಟಿ. ಅವರು ತಲೆಯ ಕಡೆಯನ್ನು ತಮ್ಮ ಕಡೆ ತಿರುಗಿಸಿ ಹಿಡಿದಿರಲಿ, ನೀವು ಬೆನ್ನಿನ ಹಿಂಭಾಗಕ್ಕೆ ಎರಡು ಬೆರಳು ತಾಗಿಸಿ. ಹಾವು ಅಂದರೆ ಲೋಳೆ ಅಂದುಕೊಂಡವರೇ ಜಾಸ್ತಿ. ಅದು ಒಣ ಮೈ. ಆಗಷ್ಟೇ ಬಿದ್ದ ಅಡಿಕೆ ಹಾಳೆಯ ಒಳಮೈ ಸವರಿ ನೋಡಿದ್ದೀರಾ? ಆ ನುಣುಪು, ಆ ತಂಪು. ನಾನು ಓದುತ್ತಿದ್ದಾಗ ಗಾಯವಾದ ಒಂದು ಹೆಬ್ಬಾವನ್ನು ತಂದಿದ್ದರು. ಹಿರಿಯ ಡಾಕ್ಟರ್ ಹೊಲಿಗೆ ಹಾಕುವಷ್ಟು ಹೊತ್ತು ಮೈಯ ಹಿಂಭಾಗ ಹಿಡಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಐದು ನಿಮಿಷ ನನ್ನ ಕೈ ನಡುಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಂಗೈ ಕೆಳಗೆ ಅದರ ಪಕ್ಕೆಲುಬುಗಳು ನಿಧಾನವಾಗಿ ಅಗಲವಾಗಿ ಮತ್ತೆ ಕುಗ್ಗುವುದು ಗೊತ್ತಾಗತೊಡಗಿತು. ಅದು ಉಸಿರಾಡುತ್ತಿತ್ತು. ನೋವಿನಲ್ಲಿರುವ ಒಂದು ಪ್ರಾಣಿ ಉಸಿರಾಡುತ್ತಿದೆ ಅನ್ನುವುದು ತಲೆಗೆ ಹೋದ ಮೇಲೆ ನನ್ನ ಕೈ ನಿಂತಿತು.

ನಿಮ್ಮನೆಯವರಿಗೂ ಎರಡು ಮಾತು ಹೇಳಬೇಕು, ಈ ಉತ್ತರವನ್ನು ಅವರಿಗೆ ಓದಲು ಕೊಡಿ. "ಅದೇನೂ ಮಾಡಲ್ಲ" ಅನ್ನುವ ಮಾತಿನಿಂದ ಯಾರ ಭಯವೂ ಇಳಿದಿಲ್ಲ. ತಮಾಷೆಗೆಂದು ಹಾವನ್ನು ಹತ್ತಿರ ತರುವುದು, ಹೇಳದೆ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಬರುವುದು, ವಿಡಿಯೋ ಮಾಡುವುದು ಪೂರ್ತಿ ನಿಲ್ಲಬೇಕು. ಒಂದೇ ಒಂದು ಸಲ ಹಾಗಾದರೂ ಮೂರು ವಾರದ ಕೆಲಸ ಮಣ್ಣುಪಾಲು. ಪ್ರಯತ್ನಪಟ್ಟೂ ಆಗಲಿಲ್ಲ ಅಂದರೆ ಹಾವು ಸಾಕುವ ಅವರ ಸ್ನೇಹಿತರೊಬ್ಬರ ಮನೆಯಲ್ಲಿ ಆರು ವಾರ ಬಿಡುವ ವ್ಯವಸ್ಥೆಯನ್ನು ಅವರೇ ಮಾಡಬೇಕು. ಸಾಕಿದವರು ಅವರು. ಇದು ನಿಮ್ಮ ಪ್ರೀತಿಗೆ ಇಟ್ಟ ಪರೀಕ್ಷೆ ಅಲ್ಲ. ಚಿತ್ರ ನೋಡಿದರೂ ಉಸಿರು ಕಟ್ಟುವುದು, ರಾತ್ರಿ ನಿದ್ದೆ ಬಾರದಿರುವುದು ಇದ್ದರೆ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಕಾಣಿ. ಇಂಥ ಒಂದೇ ವಿಷಯದ ಭಯಕ್ಕೆ ಚಿಕಿತ್ಸೆ ಇದೆ, ಬೇಗ ಗುಣವೂ ಕಾಣುತ್ತದೆ.

ಇನ್ನು ಗೂಡಿನ ಕೆಲಸ. ಹಾವಿನ ಮೈ ತಾನಾಗಿ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಗೂಡಿನ ಒಂದು ಬದಿ 31ರಿಂದ 33 ಡಿಗ್ರಿ, ಇನ್ನೊಂದು ಬದಿ 25ರಿಂದ 27 ಡಿಗ್ರಿ ಇರಬೇಕು. ಬೇಕಾದಾಗ ಬಿಸಿಗೆ, ಸಾಕಾದಾಗ ತಂಪಿಗೆ ಅದೇ ಹೋಗುತ್ತದೆ. ಎರಡೂ ಬದಿಗೆ ಒಂದೊಂದು ಗುಹೆ, ಒಂದೊಂದು ಥರ್ಮಾಮೀಟರ್ ಇರಲಿ. ಗೂಡಿಗೆ ಶಾಖ ಕೊಡುವ ಹೀಟ್ ಮ್ಯಾಟ್‌ಗೆ, ಶಾಖ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದಿದ್ದರೆ ಅವರು ಹೊರಡುವ ಮುಂಚೆ ಹಾಕಿಸಲೇಬೇಕು. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಮೇಲೆ ಸುಟ್ಟುಕೊಂಡ ಹಾವುಗಳಿಗೆ ನಾನು ಔಷಧಿ ಹಚ್ಚಿದ್ದೇನೆ. ಹಾವಿಗೆ ಹೊಟ್ಟೆ ಸುಡುತ್ತಿದ್ದರೂ ಸರಿದುಹೋಗಬೇಕು ಅಂತ ಬೇಗ ತಿಳಿಯುವುದಿಲ್ಲ.

ಸಾಕುವ ಬಗ್ಗೆ ಬರೆದಿರುವುದೆಲ್ಲ ಒಣ ಹವೆಯ ಊರಿನವರಿಗೆ. ಗೂಡಿಗೆ ನೀರು ಚಿಮುಕಿಸಿ, ತೇವ ಹೆಚ್ಚಿಸಿ ಅಂತ ಇರುತ್ತದೆ. ಜುಲೈನ ಶಿವಮೊಗ್ಗದಲ್ಲಿ ಆ ಮಾತು ಕೇಳಬೇಡಿ! ಒಗೆದ ಬಟ್ಟೆ ನಾಲ್ಕು ದಿನ ಒಣಗದ, ಗೋಡೆಗೆ ಬೂಷ್ಟು ಹಿಡಿಯುವ ಕಾಲ ಅದು. ಗುಂಡನಿಗೆ ಬೇಕಾದ ತೇವ ಶೇಕಡಾ 60ರ ಆಸುಪಾಸು. ನಮ್ಮ ಮಳೆಗಾಲದಲ್ಲಿ ತೊಂದರೆ ಬರುವುದು ಅತಿಯಾದ ತೇವದಿಂದ. ಗೂಡಿನ ಹಾಸು ಒದ್ದೆಯಾಗೇ ಇದ್ದರೆ ಹೊಟ್ಟೆಯ ಹುರುಪೆ ಕೆಂಪಾಗಿ ಕೊಳೆಯಲು ಶುರುವಾಗುತ್ತದೆ. ಹಾಸಲು ತೆಂಗಿನ ನಾರಿನ ಪುಡಿ ಹಾಕಿದ್ದರೆ ಮುಷ್ಟಿಯಲ್ಲಿ ಹಿಂಡಿ ನೋಡಿ. ನೀರು ಜಿನುಗಿದರೆ ಬದಲಿಸಬೇಕು. ಈ ಎರಡು ತಿಂಗಳಿಗೆ ಹಳೇ ನ್ಯೂಸ್‌ಪೇಪರ್ ಹಾಸುವುದು ನನಗೆ ಇನ್ನೂ ಒಳ್ಳೆಯದು ಅನಿಸುತ್ತದೆ. ಒದ್ದೆಯಾದದ್ದು, ಗಲೀಜಾದದ್ದು ತಕ್ಷಣ ಕಾಣುತ್ತದೆ, ಸುತ್ತಿ ಎಸೆದು ಬೇರೆ ಹಾಸಿದರೆ ಮುಗಿಯಿತು. ಗಾಳಿಯಾಡುವ ಜಾಲರಿಯನ್ನು ಚಳಿ ಅಂತ ಮುಚ್ಚಬೇಡಿ.

ಕರೆಂಟ್ ವಿಷಯ ನಿಮಗೆ ಗೊತ್ತೇ ಇದೆ. ಗಾಳಿಮಳೆಗೆ ಮರ ಬಿದ್ದರೆ ಯಾವಾಗ ಬರುತ್ತದೋ ಹೇಳಲಾಗದು. ಹೀಟ್ ಮ್ಯಾಟ್ ಎಳೆಯುವ ಕರೆಂಟ್ ಬಹಳ ಕಡಿಮೆ, ಮನೆಯ ಇನ್ವರ್ಟರ್ ಲೈನಿಗೆ ಸಿಕ್ಕಿಸಿದರೆ ಸಾಕು. ಇನ್ವರ್ಟರ್ ಕೂಡ ಕೈಕೊಟ್ಟರೆ ಗಾಬರಿ ಬೇಡ, ಒಂದು ರಾತ್ರಿ 23 ಡಿಗ್ರಿಗೆ ಇಳಿದರೆ ಬೆಳೆದ ಹಾವಿಗೆ ಏನೂ ಆಗುವುದಿಲ್ಲ. ಇನ್ನೂ ತಂಪು ಅನಿಸಿದರೆ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಟವೆಲ್ ಸುತ್ತಿ ಬಿಸಿ ಬದಿಯ ಗುಹೆಯ ಹೊರಗೆ ಇಡಿ. ಮೇಣದಬತ್ತಿ, ಕೆಂಡದ ಪಾತ್ರೆ ಯಾವುದೂ ಆ ಕೋಣೆಗೆ ಬೇಡ.

ನೀರು ದಿನಾ ಬದಲಿಸಿ. ಬಟ್ಟಲನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ, ಬಚ್ಚಲಲ್ಲಿ ತೊಳೆಯಿರಿ. ಮೇಲ್ನೋಟಕ್ಕೆ ಆರೋಗ್ಯವಾಗಿರುವ ಹಾವಿನ ಹೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಮನುಷ್ಯರಿಗೆ ಬಂದರೆ ವಾಂತಿ ಭೇದಿ ಜ್ವರ. ವಯಸ್ಸಾದ ಅತ್ತೆ ಮನೆಯಲ್ಲಿದ್ದಾರಾದ್ದರಿಂದ ಇದರಲ್ಲಿ ಸಡಿಲ ಬೇಡ. ನೀವು ಗರ್ಭಿಣಿಯಾಗಿದ್ದರೆ ಕೊಳೆ ತೆಗೆಯುವ ಕೆಲಸವನ್ನೇ ಬೇರೆಯವರಿಗೆ ಬಿಡಿ.

ಹಾವನ್ನು ಮುಟ್ಟದೆ ಗೂಡು ಸ್ವಚ್ಛ ಮಾಡಲು ಒಂದು ಉಪಾಯ ಇದೆ. ಬೆಳಿಗ್ಗೆ ಹೊತ್ತು ಗುಂಡ ಗುಹೆಯೊಳಗೆ ಸುತ್ತಿಕೊಂಡು ಮಲಗಿರುತ್ತಾನೆ. ಗುಹೆಗೆ ತಳ ಇರುವಂಥದ್ದು, ಬಾಯಿ ಒಂದೇ ಇರುವಂಥದ್ದು ತಂದಿಡಲು ಹೇಳಿ. ಅದರ ಬಾಯಿಗೆ ದಪ್ಪ ರಟ್ಟು ಅಡ್ಡ ಹಿಡಿದು, ಗುಹೆ ಸಮೇತ ಎತ್ತಿ, ಗಾಳಿಗೆ ತೂತು ಮಾಡಿದ ಚಿಲಕದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ಮುಚ್ಚಿಬಿಡಿ. ಈಗ ಗೂಡು ಖಾಲಿ. ಆರಾಮಾಗಿ ಪೇಪರ್ ಬದಲಿಸಿ, ಒರೆಸಿ, ಮತ್ತೆ ಗುಹೆ ಒಳಗಿಡಿ. ಇದನ್ನು ಅವರ ಎದುರಿಗೇ ನಾಲ್ಕೈದು ಸಲ ಮಾಡಿ ಅಭ್ಯಾಸ ಮಾಡಿಕೊಳ್ಳಿ. ಹಾವಿನ ಕೊಳೆಯಲ್ಲಿ ಸುಣ್ಣದ ಗಟ್ಟಿಯಂಥ ಬಿಳಿ ಉಂಡೆ ಇರುತ್ತದೆ, ಅದು ಅದರ ಮೂತ್ರ. ನೋಡಿ ಗಾಬರಿಯಾಗಬೇಡಿ.

ಊಟದ ವಿಷಯ. ಬೆಳೆದ ಬಾಲ್ ಪೈಥಾನ್‌ಗೆ ಎರಡರಿಂದ ನಾಲ್ಕು ವಾರಕ್ಕೊಂದು ಊಟ. ಮೈ ತುಂಬಿಕೊಂಡಿರುವ ಆರೋಗ್ಯವಂತ ಹಾವು ಆರು ವಾರ ಏನೂ ತಿನ್ನದೆ ಇದ್ದರೂ ತೊಂದರೆ ಇಲ್ಲ. ಈ ಜಾತಿಯ ಹಾವುಗಳು ತಾವಾಗಿಯೇ ತಿಂಗಳುಗಟ್ಟಲೆ ಊಟ ಬಿಡುವುದುಂಟು. ಅವರು ಹೊರಡುವ ಒಂದು ವಾರ ಮುಂಚೆ ಹೊಟ್ಟೆ ತುಂಬ ಹಾಕಿ ಹೋಗಲಿ, ಬಂದ ಮೇಲೆ ಮತ್ತೆ ಹಾಕಲಿ. ನೀವು ಇಲಿ ಮುಟ್ಟುವ ಪ್ರಸಂಗವೇ ಇಲ್ಲ. ಮರಿಹಾವಾಗಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ, ಮರಿಗಳಿಗೆ ವಾರಕ್ಕೊಮ್ಮೆ ಬೇಕು.

ಇಲ್ಲ, ನಡುವೆ ಒಂದು ಸಲ ನಾನೇ ಹಾಕುತ್ತೇನೆ ಅನ್ನುವಷ್ಟು ಧೈರ್ಯ ಬಂದರೆ ಸಂತೋಷ. ಫ್ರೀಜರಿನ ಇಲಿಯನ್ನು ಪೂರ್ತಿ ಕರಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ. ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಡಿ. ಬಾಲ್ ಪೈಥಾನ್‌ನ ಮೇಲ್ತುಟಿಯಲ್ಲಿ ಶಾಖ ಗ್ರಹಿಸುವ ಸಣ್ಣ ಕುಳಿಗಳಿವೆ, ಕತ್ತಲಲ್ಲೂ ಬೆಚ್ಚಗಿರುವುದು ಎಲ್ಲಿದೆ ಅಂತ ಅದಕ್ಕೆ ತಿಳಿಯುತ್ತದೆ. ಇಲಿಯ ವಾಸನೆ ಹತ್ತಿದ ಬೆಚ್ಚಗಿನ ಕೈಯನ್ನೂ ಊಟ ಅಂದುಕೊಳ್ಳಬಹುದು. ಅದಕ್ಕೇ ಇಕ್ಕಳ ಬೇಕು, ಗೂಡಿಗೆ ಕೈ ಹಾಕುವ ಮುಂಚೆಯೂ ಕೈ ತೊಳೆಯಬೇಕು. ಬೆಳಗಾಗುವುದರೊಳಗೆ ತಿನ್ನದಿದ್ದರೆ ತೆಗೆದು ಎಸೆಯಿರಿ. ಶಾಖ ಇಲ್ಲದ ದಿನ ಊಟ ಹಾಕಲೇಬೇಡಿ, ಅರಗದೆ ಕಕ್ಕುತ್ತದೆ. ಹಾಕಿದ ಮೇಲೆ ಎರಡು ದಿನ ಅದರ ತಂಟೆಗೆ ಹೋಗಬೇಡಿ. ಒಂದು ವೇಳೆ ಕಚ್ಚಿತು ಅಂತಿಟ್ಟುಕೊಳ್ಳಿ. ಸೂಜಿಯಿಂದ ಗೀರಿದ ಹಾಗೆ ಸಣ್ಣ ಗಾಯ, ಸ್ವಲ್ಪ ರಕ್ತ. ಸೋಪಿನಿಂದ ತೊಳೆಯಿರಿ, ಟಿಟಿ ಇಂಜೆಕ್ಷನ್ ಆಗಿದೆಯಾ ನೋಡಿಕೊಳ್ಳಿ.

ಒಂದು ದಿನ ಗುಂಡನ ಬಣ್ಣ ಮಂಕಾಗಿ, ಕಣ್ಣು ಹಾಲು ಬಿದ್ದ ನೀರಿನ ಹಾಗೆ ನೀಲಿಬಿಳಿಯಾಗಿ ಕಾಣಬಹುದು. ಕುರುಡಾಯಿತು ಅಂತ ಫೋನ್ ಮಾಡಿದವರು ಎಷ್ಟೋ ಜನ. ಪೊರೆ ಬಿಡುವ ಮುಂಚೆ ಹಾಗಾಗುತ್ತದೆ. ಕೆಲವು ದಿನದಲ್ಲಿ ಕಣ್ಣು ತಿಳಿಯಾಗಿ, ಅದಾದ ಕೆಲವು ದಿನಕ್ಕೆ ಕಾಲುಚೀಲ ಕಳಚಿದ ಹಾಗೆ ಪೊರೆ ಬಿಡುತ್ತದೆ. ಕಣ್ಣು ಸರಿಯಾಗಿ ಕಾಣದ ಆ ದಿನಗಳಲ್ಲಿ ಅದಕ್ಕೂ ಭಯ ಜಾಸ್ತಿ, ನೀರು ಬದಲಿಸಿ ಬಂದುಬಿಡಿ. ನೀವು ನಿಜವಾಗಿ ಗಮನಿಸಬೇಕಾದದ್ದು ಬೇರೆ. ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಗೊರಗೊರ ಸದ್ದು, ಮೂಗು ಬಾಯಲ್ಲಿ ಗುಳ್ಳೆ. ಇದು ಶ್ವಾಸಕೋಶದ ಸೋಂಕು, ತಂಪು ಮತ್ತು ತೇವದ ಹವೆಯಲ್ಲಿ ಬೇಗ ಬರುತ್ತದೆ, ಕಾಯಬಾರದು. ಹಾವು ನೋಡಿ ಅನುಭವ ಇರುವ ಡಾಕ್ಟರ್ ಎಲ್ಲ ಕಡೆ ಸಿಗುವುದಿಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಮೊದಲೇ ವಿಚಾರಿಸಿಟ್ಟುಕೊಳ್ಳಿ. ನಿಮ್ಮನೆಯವರು ಹಿಂದೆ ಬೆಂಗಳೂರಿನಲ್ಲಿ ತೋರಿಸುತ್ತಿದ್ದ ಡಾಕ್ಟರ ನಂಬರನ್ನೂ ಗೂಡಿನ ಮೇಲೆ ಅಂಟಿಸಲು ಹೇಳಿ.

ಅತ್ತೆಯ ಮಾತಿಗೆ ಏನು ಹೇಳಬೇಕು? ನಂಬಿಕೆಯ ವಿಷಯದಲ್ಲಿ ವಾದ ಮಾಡಿ ಗೆದ್ದವರಿಲ್ಲ. ನಾವು ನಾಗರಪಂಚಮಿಗೆ ಹಾಲೆರೆಯುವುದು ನಾಗರಹಾವಿಗೆ, ನಾಗಬನದಲ್ಲಿ ಇರುವುದು ಹೆಡೆ ಇರುವ ನಾಗ. ಇದು ಹೆಡೆ ಇಲ್ಲದ, ದೂರದ ದೇಶದ ಹೆಬ್ಬಾವಿನ ಜಾತಿ. ಹೀಗೆ ಹೇಳಿ ನೋಡಿ. ಅದಕ್ಕಿಂತ, ಅವರಿಗೆ ದೋಷದ ಜೊತೆಗೆ 'ಎಲ್ಲಾದರೂ ಕೆಳಗೆ ಇಳಿದು ಬಂದರೆ' ಅನ್ನುವ ಭಯವೂ ಇರಬಹುದು. ಚಿಲಕ ಹೇಗಿದೆ, ಬಾಗಿಲ ಸಂದಿಗೆ ಏನು ಹಾಕಿದ್ದೀರಿ ಅಂತ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ಕಾಗದಪತ್ರವನ್ನೂ ಕೇಳಿಬಿಡಿ. ಬಾಲ್ ಪೈಥಾನ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2024ರ ಫೆಬ್ರವರಿಯಲ್ಲಿ ನಿಯಮ ಬಂತು. ಅದರ ಪ್ರಕಾರ ಇಂಥ ಪ್ರಾಣಿ ಸಾಕುವವರು ಕೇಂದ್ರ ಸರ್ಕಾರದ 'ಪರಿವೇಶ್' ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ನಮ್ಮ ನಾಡಿನ ಹೆಬ್ಬಾವು, ನಾಗರ ಮುಂತಾದ ಕಾಡುಹಾವುಗಳನ್ನು ಮನೆಯಲ್ಲಿ ಸಾಕುವುದು ಅಪರಾಧ.

ಮೇಲೆ ಬಾಕಿ ಉಳಿಸಿದ ಮಾತು ಈಗ. ನೀವು ಕಲಿಯುವ ಧೈರ್ಯ ಆ ಗೂಡಿಗೆ ಮಾತ್ರ. ಮಳೆಗಾಲದಲ್ಲಿ ಬಿಲಕ್ಕೆ ನೀರು ನುಗ್ಗಿ ಹಾವುಗಳು ಮನೆ ಕಡೆ ಬರುತ್ತವೆ. ಒಂದು ಬೆಳಿಗ್ಗೆ ಗೂಡು ಖಾಲಿ ಇದೆ, ಬಚ್ಚಲಲ್ಲಿ ಕಂದುಬಣ್ಣದ, ಮೈಮೇಲೆ ಮಚ್ಚೆ ಇರುವ ದಪ್ಪ ಹಾವು ಕಂಡಿತು ಅಂತಿಟ್ಟುಕೊಳ್ಳಿ. ಗುಂಡ ಸಿಕ್ಕಿದ ಅಂತ ಕೈ ಹಾಕಲೇಬೇಡಿ. ಹೆಬ್ಬಾವಿಗೂ ಕೊಳಕುಮಂಡಲಕ್ಕೂ ವ್ಯತ್ಯಾಸ ತಿಳಿಯದೆ ಪ್ರಾಣ ಕಳೆದುಕೊಂಡವರಿದ್ದಾರೆ. ಗಾಬರಿಯಲ್ಲಿ, ಅರೆಬೆಳಕಿನಲ್ಲಿ ಅನುಭವ ಇದ್ದವರೂ ತಪ್ಪುತ್ತಾರೆ. ದೂರ ನಿಂತು ಫೋಟೋ ತೆಗೆದು ಪುಣೆಗೆ ಕಳಿಸಿ. ಅವರು ನೋಡಿ ಹೌದು ಅನ್ನುವವರೆಗೆ ಅದು ಕಾಡಿನ ಹಾವು ಅಂತಲೇ ಲೆಕ್ಕ. ಅಲ್ಲ ಅಂದರೆ ಬಾಗಿಲು ಹಾಕಿ ಅರಣ್ಯ ಇಲಾಖೆಯವರನ್ನು ಕರೆಯಿರಿ. ಕಾಡಿನ ಹಾವು ಯಾರನ್ನಾದರೂ ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಿ ಅಂತ ಹೊತ್ತು ಕಳೆಯುವುದು ಬೇಡ. ಅಲುಗಾಡಿಸದೆ ಸೀದಾ ಮೆಗ್ಗಾನ್ ಆಸ್ಪತ್ರೆಗೆ.

ಗುಂಡ ನಿಜವಾಗಿ ತಪ್ಪಿಸಿಕೊಂಡರೆ ದೂರ ಹೋಗಿರುವುದಿಲ್ಲ, ಬೆಚ್ಚಗಿನ ಇಕ್ಕಟ್ಟಿನ ಜಾಗ ಹುಡುಕಿಕೊಂಡಿರುತ್ತದೆ. ಫ್ರಿಜ್ ಹಿಂಭಾಗ, ಇನ್ವರ್ಟರ್ ಪಕ್ಕ, ಪುಸ್ತಕದ ಕಪಾಟು, ಮಂಚದ ಕೆಳಗಿನ ಪೆಟ್ಟಿಗೆ. ರಾತ್ರಿ ಬಾಗಿಲ ಬಳಿ ರಂಗೋಲಿ ಹಿಟ್ಟನ್ನು ತೆಳುವಾಗಿ ಉದುರಿಸಿಡಿ, ಬೆಳಿಗ್ಗೆ ಹೋದ ದಾರಿ ಕಾಣುತ್ತದೆ. ಅಕ್ಕಪಕ್ಕದವರಿಗೂ ಒಂದು ಮಾತು ಹೇಳಿ, ಇಲ್ಲದಿದ್ದರೆ ಯಾರಾದರೂ ಕೋಲು ತೆಗೆದುಕೊಳ್ಳುತ್ತಾರೆ. ಆದರೆ ಇಷ್ಟಕ್ಕೆಲ್ಲ ಹೋಗದಂತೆ ಚಿಲಕವೇ ನೋಡಿಕೊಳ್ಳಬೇಕು. ಗೂಡಿಗೆ ಎರಡು ಚಿಲಕ, ಕೋಣೆಯ ಬಾಗಿಲ ಸಂದಿಗೆ ಬಿಗಿಯಾಗಿ ಸುತ್ತಿದ ಟವೆಲ್. ಪ್ರತಿ ಸಲ ಮುಚ್ಚಿದ ಮೇಲೆ ಚಿಲಕದ ಒಂದು ಫೋಟೋ ತೆಗೆಯಿರಿ. ರಾತ್ರಿ ಎರಡು ಗಂಟೆಗೆ 'ಹಾಕಿದ್ನಾ ಇಲ್ವಾ' ಅನಿಸಿದರೆ ಮಹಡಿ ಹತ್ತಬೇಕಾಗಿಲ್ಲ, ಮೊಬೈಲ್ ನೋಡಿ ಮಲಗಬಹುದು.

ಅವರು ಹೊರಡುವ ಹಿಂದಿನ ದಿನ ಗುಹೆ ಸಮೇತ ಆ ಪ್ಲಾಸ್ಟಿಕ್ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ತೂಕ ಬರೆದಿಟ್ಟುಕೊಳ್ಳಿ, ಖಾಲಿ ಡಬ್ಬಿ ಮತ್ತು ಗುಹೆಯ ತೂಕ ಕಳೆಯಿರಿ. ಹಾವು ಒಂದೂವರೆ ಕಿಲೋ ಇದೆ ಅಂದುಕೊಳ್ಳಿ. ಎರಡು ವಾರಕ್ಕೊಮ್ಮೆ ಗೂಡು ಸ್ವಚ್ಛ ಮಾಡುವಾಗ ಮತ್ತೆ ತೂಗಿ. ನೂರೈವತ್ತು ಗ್ರಾಂ ಇಳಿದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಮೊದಲ ಸಲ ನೀವೊಬ್ಬರೇ ತೂಗಿದ ದಿನ ಭಯಕ್ಕೆ ಎಷ್ಟು ಅಂಕ ಕೊಟ್ಟಿರಿ ಅಂತ ನನಗೂ ಒಂದು ಸಾಲು ಬರೆಯಿರಿ.